ಉಪ್ಪುನೀರಿಗೆ ಬಿತ್ತ ಕಟ್ಟಿದ ಬೀರಿ

ಬಹಳ ಬಹಳ ಹಿಂದೆ, ಹೊಳೆಯ ನೀರು ಉಪ್ಪಾಗುವ ಜಾಗದಲ್ಲಿ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ನಮಗೆ ಹೇಳಿದವರು ಅದನ್ನು ಹೇಳಲಿಲ್ಲ, ಕೇಳಿದ ನಮಗೂ ಕೇಳಬೇಕು ಅನ್ನಿಸಲಿಲ್ಲ. ಊರಿನ ಹೆಸರು ಕಡವಿನಬೈಲು. ಒಂದು ಕಡೆ ಹೊಳೆ, ಆಚೆಗೆ ಕಡಲು, ಎರಡರ ನಡುವೆ ತಗ್ಗಿನಲ್ಲಿ ಗದ್ದೆ. ಅಂಥ ಗದ್ದೆಗೆ ನಮ್ಮ ಕಡೆ ಗಜನಿ ಅನ್ನುತ್ತಾರೆ. ಕಡಲು ದಿನಾ ಎರಡು ಹೊತ್ತು ಈ ಗದ್ದೆ ತನ್ನದು ಅಂತ ಬರುತ್ತಿತ್ತಂತೆ. ಊರವರು ಅಲ್ಲ, ನಮ್ಮದು ಅಂತ ಮಣ್ಣಿನ ಕಟ್ಟೆ ಕಟ್ಟಿ ಕೂತಿದ್ದರಂತೆ. ಕಟ್ಟೆಗೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಮರದ ಗೂಟ, ಗೂಟಕ್ಕೆ ಕೆಸರು, ಕೆಸರಿನ ಮೇಲೆ ಹುಲ್ಲು. ಏಡಿಗಳು ಅದನ್ನೇ ಕೊರೆದು ಮನೆ ಮಾಡಿಕೊಳ್ಳುತ್ತಿದ್ದವು. ಊರವರು ಕಟ್ಟುವುದು, ಏಡಿ ಕೊರೆಯುವುದು, ಕಡಲು ಇಣುಕುವುದು. ಹೀಗೇ ನಡೆದಿತ್ತು.

ಆ ಕಟ್ಟೆಗೆ ಒಂದು ಬಾಗಿಲಿತ್ತು. ಒಂದರ ಮೇಲೊಂದು ಹಲಗೆ ಇಳಿಸಿದ ಬಾಗಿಲು, ಅದಕ್ಕೆ ಜಂತ್ರಡಿ ಅನ್ನುತ್ತಿದ್ದರು. ಇಳಿತ ಬಂದಾಗ ಹಲಗೆ ಎತ್ತಿ ಗದ್ದೆಯ ಮಳೆನೀರನ್ನು ಹೊರಗೆ ಬಿಡಬೇಕು. ಉಬ್ಬರ ಬರುವ ಮೊದಲು ಹಲಗೆ ಇಳಿಸಿ ಉಪ್ಪುನೀರನ್ನು ತಡೆಯಬೇಕು. ಒಂದು ದಿನ ಮೈಮರೆತರೆ ಊರಿನ ಒಂದು ವರ್ಷದ ಅನ್ನ ಹೋಯಿತು. ಆ ಕೆಲಸ ಹಮ್ಮು ಅನ್ನುವವನದು. ಹಮ್ಮು ಜ್ವರ ಬಂದು ತೀರಿಕೊಂಡ ಮೇಲೆ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಕೆಲಸಕ್ಕೆ ಕೂಲಿ ಅಂದರೆ ಬಾಗಿಲ ಬಾಯಲ್ಲಿ ಸಿಕ್ಕಿದ ಮೀನು, ಅದೂ ಸಿಕ್ಕರೆ. ಕೊನೆಗೆ ಅವನ ಹೆಂಡತಿಯೇ ಸೆರಗು ಕಟ್ಟಿ ಹಲಗೆ ಹಿಡಿದಳು. ಅವಳೇ ಬೀರಿ.

ಬೀರಿ ಕುಳ್ಳಗಿದ್ದಳು ಅಂತ ಕೆಲವರು, ಕಟ್ಟೆಯ ಮೇಲೆ ನಿಂತರೆ ಆಚೆ ದಡದವರಿಗೂ ಕಾಣುವಷ್ಟು ಎತ್ತರ ಇದ್ದಳು ಅಂತ ಕೆಲವರು. ಕಟ್ಟೆಯ ಮೇಲೆ ನಿಂತರೆ ಯಾರಾದರೂ ಎತ್ತರವೇ, ಬಿಡಿ. ಅವಳ ನಾಲಿಗೆಯ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ಗದ್ದೆಯ ನೀರಿನಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರೆ ಎಷ್ಟು ಉಪ್ಪು, ಎಷ್ಟು ಮಳೆ ಅಂತ ಹೇಳುತ್ತಿದ್ದಳಂತೆ. ಕಟ್ಟೆಯಲ್ಲಿ ಏಡಿ ಎಲ್ಲಿ ತೂತು ಮಾಡಿದೆ ಅಂತ ಆ ರುಚಿಯಲ್ಲೇ ಹಿಡಿಯುತ್ತಿದ್ದಳಂತೆ. ಆ ನೀರಿನಲ್ಲಿ ಯಾವ ಮೀನು ಹಾದುಹೋಗಿದೆ ಅಂತಲೂ ಹೇಳುತ್ತಿದ್ದಳು ಅನ್ನುತ್ತಾರೆ. ಅದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆ ಕಾಲದಲ್ಲಿ ಕಡವಿನಬೈಲಿನವರಿಗೆ ಒಂದು ಗೀಳಿತ್ತು. ಅದು ಬಿಳಿ ಅನ್ನದ ಗೀಳು. ಅವರ ಅಜ್ಜಂದಿರು ಯಾವುದೋ ಕೆಂಪು ಭತ್ತ ಬೆಳೆಯುತ್ತಿದ್ದರಂತೆ, ದಪ್ಪ ಅಕ್ಕಿ, ಒರಟು ಅನ್ನ. ನೆಂಟರು ಬಂದಾಗ ಅದನ್ನು ಬಡಿಸಲು ಇವರಿಗೆ ನಾಚಿಕೆ. ಹಾಗಾಗಿ ಮಳೆಗೆ ಮುಂಚೆ ಘಟ್ಟ ಹತ್ತಿ, ಒಣಮೀನು ಕೊಟ್ಟು, ಘಟ್ಟದ ಮೇಲಿನವರ ಬಿಳಿ ಭತ್ತದ ಬಿತ್ತ ಹೊತ್ತು ತರುವುದು ಶುರುವಾಯಿತು. ತೆನೆ ತುಂಬಿ ಬಾಗುತ್ತಿತ್ತು, ಅಕ್ಕಿ ಮಲ್ಲಿಗೆ ಬಣ್ಣ. ಕಟ್ಟೆ ಗಟ್ಟಿ ಇದ್ದ ವರ್ಷ ಊರೆಲ್ಲ ಹಬ್ಬ. ಅಜ್ಜಂದಿರ ಕೆಂಪು ಭತ್ತ ಯಾವ ಮನೆಯ ಕಣಜದ ಯಾವ ಮೂಲೆಯಲ್ಲಿ ಮುಗಿಯಿತು ಅಂತ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ಒಂದು ಮಳೆಗಾಲ ಕಟ್ಟೆ ಒಡೆಯಿತು. ಭತ್ತ ಹೊಡೆ ತುಂಬಿ ಇನ್ನೇನು ತೆನೆ ಹೊರಗೆ ಬರಬೇಕು, ಆಗ. ಅಮಾವಾಸ್ಯೆಯ ಉಬ್ಬರ, ಮೇಲಿಂದ ಗಾಳಿ. ಬೀರಿ ಹಲಗೆ ಇಳಿಸಿಯೇ ಇದ್ದಳು, ಒಡೆದದ್ದು ಕಟ್ಟೆಯ ಇನ್ನೊಂದು ಮೂಲೆ. ಊರವರೆಲ್ಲ ಕೆಸರು ಹೊತ್ತು ಓಡಿದರು. ಕಟ್ಟೆ ಮತ್ತೆ ನಿಲ್ಲುವಷ್ಟರಲ್ಲಿ ಗಜನಿ ಪೂರ್ತಿ ಕಡಲಿನ ನೀರು ಕುಡಿದಿತ್ತು. ಬಿಳಿ ಭತ್ತ ತುದಿಯಿಂದ ಸುಟ್ಟಂತಾಗಿ, ಬುಡದ ತನಕ ಒಣಗಿ, ಮಲಗಿತು. ಊರಿನಲ್ಲಿ ಆ ವರ್ಷ ಚಿಪ್ಪಿ ಬೇಯಿಸಿ ತಿಂದು ಬದುಕಿದರಂತೆ.

ಎಲ್ಲರೂ ಗದ್ದೆಗೆ ಬೆನ್ನು ಹಾಕಿದ ಮೇಲೂ ಬೀರಿ ಗದ್ದೆಗೆ ಹೋಗುತ್ತಿದ್ದಳು. ಅವಳಿಗೆ ಬಾಗಿಲಿನ ಕೆಲಸ ಇತ್ತಲ್ಲ. ಹಾಗೆ ಹೋದವಳು ಒಂದು ದಿನ ಜಂತ್ರಡಿಯ ಪಕ್ಕದ ಗುಂಡಿಯಲ್ಲಿ ಒಂದು ಬುಡ ಹಸಿರಾಗಿ ನಿಂತಿರುವುದನ್ನು ಕಂಡಳು. ಗಜನಿಯಲ್ಲೇ ಅತಿ ತಗ್ಗಿನ ಜಾಗ ಅದು, ಉಪ್ಪುನೀರು ಎಲ್ಲಕ್ಕಿಂತ ಕೊನೆಗೆ ಇಳಿದ ಜಾಗ. ತೆಳ್ಳನೆಯ ದಂಟು, ಕಪ್ಪು ಸಿಪ್ಪೆ, ಕಾಳಿನ ತುದಿಗೆ ಉದ್ದನೆಯ ಮೀಸೆ. ಅದು ಎಲ್ಲಿಂದ ಬಂತು? ಹೊಳೆಯ ದೇವಿ ಕೊಟ್ಟಳು ಅನ್ನುವವರು ಇದ್ದಾರೆ. ನೀರುಕೋಳಿಯ ಹೊಟ್ಟೆಯಿಂದ ಬಿತ್ತು ಅನ್ನುವವರೂ ಇದ್ದಾರೆ. ಅಜ್ಜಂದಿರ ಕೆಂಪು ಭತ್ತದ ಒಂದು ಕಾಳು ಆ ಕೆಸರಿನಲ್ಲಿ ಹೇಗೋ ಉಳಿದುಕೊಂಡು ಬಂದಿರಬೇಕು, ಅಷ್ಟೇ. ಆದರೆ ಹಾಗೆ ಹೇಳಿದರೆ ಕಥೆ ಕೇಳುವವರಿಗೆ ಸಮಾಧಾನ ಆಗುವುದಿಲ್ಲ.

ಬೀರಿ ಆ ಬುಡವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಗುಬ್ಬಚ್ಚಿ ಓಡಿಸಿದಳು, ನೀರುಕೋಳಿ ಓಡಿಸಿದಳು, ಮೇಯಲು ಬಂದ ಪಕ್ಕದ ಮನೆಯ ಎಮ್ಮೆಯನ್ನು ಓಡಿಸಿ ಆ ಮನೆಯವರ ಹತ್ತಿರ ಬೈಸಿಕೊಂಡಳು. ಕಾಳು ಬಲಿತಾಗ ತೆನೆ ಮುರಿದು ಸೆರಗಿನಲ್ಲಿ ಕಟ್ಟಿದಳು. ಒಂದು ಹಿಡಿ ಆಯಿತು.

ಇಲ್ಲಿಯ ತನಕ ಎಲ್ಲ ಸರಿ. ಇನ್ನು ಮುಂದೆ ಬೀರಿ ತಪ್ಪಿದಳು. ಇದನ್ನು ಬಿಟ್ಟು ಕಥೆ ಹೇಳುವವರು ಇದ್ದಾರೆ, ಅವರಿಗೆ ಬೀರಿಯ ಮೇಲೆ ಗೌರವ ಜಾಸ್ತಿ ಇರಬಹುದು, ಆದರೆ ಅವಳು ಗೊತ್ತಿಲ್ಲ. ಹಿಡಿ ಕಾಳನ್ನು ಅವಳು ಕಣ್ಣಿಗೊತ್ತಿಕೊಂಡು ಮನೆಯ ಬಾವಿಯ ಪಕ್ಕ ಬಿತ್ತಿದಳು. ಸಿಹಿನೀರು ಹಾಕಿದಳು, ಸಗಣಿ ಗೊಬ್ಬರ ಹಾಕಿದಳು. ಕೂಸಿನ ಹಾಗೆ ಸಾಕಿದಳು. ಮರುವರ್ಷ ಬಿತ್ತಕ್ಕೆ ಯಾವ ತೆನೆ ತೆಗೆಯಬೇಕು ಅಂತ ಬಂದಾಗ ಕೈಯಲ್ಲಿ ಹಿಡಿದು ನೋಡಿ, ಭಾರವಾದದ್ದನ್ನು, ದಪ್ಪ ಕಾಳಿನದನ್ನು ಆರಿಸಿದಳು. ಭತ್ತ ಬಡಿಯುವುದು ಊರವರ ಕಣದಲ್ಲೇ, ಘಟ್ಟದ ಬಿಳಿ ಭತ್ತ ಬಡಿದ ಅದೇ ಕಣದಲ್ಲಿ. ಹೀಗೆ ಒಂದು ವರ್ಷ, ಎರಡು ವರ್ಷ, ಇನ್ನೂ ಕೆಲವು ವರ್ಷ. ಭತ್ತ ಮೈ ತುಂಬಿಕೊಂಡಿತು. ಮೀಸೆ ಕಿರಿದಾಯಿತು. ಕಾಳು ದಪ್ಪ ಆಯಿತು. ನೋಡಿದವರೆಲ್ಲ ಹೊಗಳಿದರು, ಬೀರಿ ಉಬ್ಬಿದಳು. ಊರವರು ಬಂದು ಬಿತ್ತ ಕೇಳಿದಾಗ, ಇದು ಉಪ್ಪುನೀರಿಗೆ ಜಗ್ಗುವ ಭತ್ತ ಅಲ್ಲ, ನನ್ನ ಮಾತು ನಂಬಿ ಅಂತ ಹೇಳಿ ಮನೆಮನೆಗೆ ಕೊಟ್ಟಳು.

ಎಲ್ಲರೂ ನಂಬಿದರು. ಇಡೀ ಗಜನಿಗೆ ಅದನ್ನೇ ಬಿತ್ತಿದರು. ಆ ವರ್ಷ ಕಟ್ಟೆ ಒಡೆಯಲೂ ಇಲ್ಲ, ಬರೇ ಒಂದು ಕಡೆ ಸೋರಿತು. ಅಷ್ಟಕ್ಕೇ ಭತ್ತ ಸತ್ತಿತು.

ಊರವರು ಬೀರಿಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸುಲಭ ಆಗುತ್ತಿತ್ತು. ಎದುರಿಗೆ ಸಿಕ್ಕಿದರೆ ಚಿಪ್ಪಿ ಸಿಕ್ಕಿತಾ ಅಂತ ಕೇಳಿ ಮುಂದೆ ಹೋಗುತ್ತಿದ್ದರು. ಊರಿನ ಗೌಡ ರಾಕು ಮಾತ್ರ ಒಮ್ಮೆ ಬಂದು ಜಗಲಿಯಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು, ಏನೂ ಹೇಳದೆ ಎದ್ದು ಹೋದನಂತೆ. ಬೀರಿಗೆ ಎದೆ ಒಡೆದುಹೋಯಿತು. ಊರಿನ ಒಂದು ವರ್ಷದ ಅನ್ನವನ್ನು ತನ್ನ ಬಾಯಿಮಾತಿನಿಂದ ಕಳೆದಿದ್ದಳು. ಅದಕ್ಕಿಂತ ದೊಡ್ಡ ಸಂಕಟ ಅವಳಿಗೆ ಗಂಡ ಸತ್ತಾಗಲೂ ಆಗಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರು. ಬೀರಿ ಸತ್ತ ಗದ್ದೆಯಲ್ಲಿ ಇಳಿದಳು. ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಬಗ್ಗಿ ಬಗ್ಗಿ ನೋಡುತ್ತ ನಡೆದಳು. ನಡೆದಲ್ಲೆಲ್ಲ ಸತ್ತದ್ದು ದಪ್ಪ ಕಾಳಿನದು, ಭಾರದ ತೆನೆಯದು, ಅವಳೇ ಆರಿಸಿ ಆರಿಸಿ ಬೆಳೆಸಿದ್ದು. ತಗ್ಗಿನಲ್ಲಿ, ಮತ್ತೆ ಅದೇ ಗುಂಡಿಯ ಹತ್ತಿರ, ಮೂರು ನಾಲ್ಕು ಬಡಕಲು ಬುಡ ನಿಂತಿದ್ದವು. ಉದ್ದ ಮೀಸೆ, ಕಪ್ಪು ಸಿಪ್ಪೆ. ಮನೆಯಲ್ಲಾಗಿದ್ದರೆ ಇಂಥದ್ದನ್ನು ಅವಳು ಕೋಳಿಗೆ ಹಾಕುತ್ತಿದ್ದಳು.

ಆಗ ಅವಳಿಗೆ ಅರ್ಥವಾಯಿತು. ಕಣದಲ್ಲಿ ಘಟ್ಟದ ಕಾಳು ಬೆರೆತಿತ್ತು. ದಪ್ಪ ಕಾಳು ಬೇಕು ಅಂತ ಆರಿಸಿದ ಅವಳ ಕೈ ಪ್ರತಿ ವರ್ಷ ಘಟ್ಟದ್ದನ್ನು ಎತ್ತಿ, ಗಜನಿಯದನ್ನು ಬಿಟ್ಟಿತ್ತು. ಸಿಹಿನೀರಿನಲ್ಲಿ ಬೆಳೆದದ್ದಕ್ಕೆ ಉಪ್ಪು ಗೊತ್ತಿದೆಯೋ ಇಲ್ಲವೋ ಅಂತ ಯಾರು ಕೇಳಿದ್ದರು? ಕೇಳಬೇಕಾದದ್ದು ತಾನು ಅಂತ ಅವಳಿಗೆ ಹೊಳೆಯಿತು. ಬಿತ್ತವನ್ನು ಆರಿಸಬೇಕಾದದ್ದು ತನ್ನ ಕೈ ಅಲ್ಲ, ಕಡಲು ಅಂತಲೂ ಹೊಳೆಯಿತು. ಕೆಸರಿನಲ್ಲಿ ಕೂತು ಜೋರಾಗಿ ಅತ್ತಳಂತೆ. ಅತ್ತು ಮುಗಿದ ಮೇಲೆ ತೆನೆ ಮುರಿದುಕೊಂಡು ಎದ್ದಳು.

ಮಳೆ ಹಿಡಿಯುವ ಮೊದಲು ಅವಳು ರಾಕು ಗೌಡನ ಮನೆಗೆ ಹೋಗಿ, ಜಂತ್ರಡಿಯ ಪಕ್ಕದ ತಗ್ಗನ್ನು ತನಗೆ ಕೊಡಬೇಕು ಅಂತ ಕೇಳಿದಳು. ಗೌಡನಿಗೆ ನಗು ಬಂತು. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ, ತಗೋ ಅಂದನಂತೆ. ಬೀರಿ ಅಲ್ಲಿಗೇ ಮೊಳಕೆ ಚೆಲ್ಲಿದಳು. ಗೊಬ್ಬರ ಇಲ್ಲ, ಬಾವಿನೀರು ಇಲ್ಲ. ಭತ್ತ ಹೊಡೆ ತುಂಬುವ ಹೊತ್ತಿಗೆ, ಅಮಾವಾಸ್ಯೆಯ ಉಬ್ಬರದಲ್ಲಿ, ತನ್ನ ತುಂಡಿಗೆ ಒಳಬದು ಕಟ್ಟಿ, ಬೇರೆಯವರ ಗದ್ದೆಗೆ ಹನಿ ಹೋಗದ ಹಾಗೆ ನೋಡಿಕೊಂಡು, ಬಾಗಿಲಿನ ಒಂದು ಹಲಗೆ ತಾನೇ ಎತ್ತಿದಳು. ಉಪ್ಪುನೀರನ್ನು ತಡೆಯಬೇಕಾದವಳು ತಾನೇ ಕರೆದು ಒಳಗೆ ಬಿಟ್ಟುಕೊಂಡಳು. ಊರೆಲ್ಲ ನಿಂತು ನೋಡಿತು. ಬೀರಿಗೆ ತಲೆ ಕೆಟ್ಟಿದೆ ಅಂತ ತೀರ್ಮಾನ ಆಯಿತು.

ಮುಕ್ಕಾಲು ಪಾಲು ಸತ್ತಿತು. ಉಳಿದದ್ದನ್ನು ಬಿತ್ತಕ್ಕೆ ಇಟ್ಟಳು. ಮರುವರ್ಷ ಮತ್ತೆ ಬಿತ್ತಿದಳು, ಮತ್ತೆ ಹಲಗೆ ಎತ್ತಿದಳು, ಮತ್ತೆ ಸತ್ತಿತು, ಮತ್ತೆ ಉಳಿದದ್ದನ್ನು ಇಟ್ಟಳು. ತೆನೆ ಬರುವ ಹೊತ್ತಿಗೆ ಗದ್ದೆಯೊಳಗೆ ನಡೆದು, ಮೀಸೆ ಇಲ್ಲದ್ದು, ಬಣ್ಣ ಬೇರೆ ಇದ್ದದ್ದು, ಹೂವು ಬಿಡುವ ಮೊದಲೇ ಬೇರು ಸಹಿತ ಕಿತ್ತು ಹೊಳೆಗೆ ಎಸೆಯುತ್ತಿದ್ದಳು. ಒಳ್ಳೆ ಹೊಡೆ ಬಂದದ್ದನ್ನು ಕೀಳುತ್ತಾಳಲ್ಲ ಅಂತ ನೋಡಿದವರ ಹೊಟ್ಟೆ ಉರಿಯುತ್ತಿತ್ತು. ಭತ್ತವನ್ನು ಊರ ಕಣಕ್ಕೆ ಒಯ್ಯಲಿಲ್ಲ. ಹೊಸ ಚಾಪೆ ಹಾಸಿ, ಅಂಗೈಯಲ್ಲೇ ಉಜ್ಜಿ ಕಾಳು ಬಿಡಿಸಿದಳು. ಚಾಪೆಯ ಮೇಲೆ ಮಗಳು ಸೋಮಿಯ ಕಾಲು ಬಿದ್ದರೂ ಸಿಡುಕುತ್ತಿದ್ದಳಂತೆ, ಕಾಲಿನ ಕೆಸರಿನಲ್ಲಿ ಬೇರೆ ಕಾಳು ಅಂಟಿರಬಹುದು ಅಂತ. ಸೋಮಿ ಅದೇ ಊರಿಗೆ ಮದುವೆಯಾದ ಮಗಳು, ಕಂಕುಳಲ್ಲಿ ಒಂದು ಕೂಸು. ಅವ್ವನ ಹಟ ಅವಳಿಗೆ ಸಾಕಾಗಿಹೋಗಿತ್ತು.

ಬಿತ್ತ ಒಣಗಿದ ಮೇಲೆ ಬೀರಿ ಅದನ್ನು ಅದೇ ಭತ್ತದ ಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟುತ್ತಿದ್ದಳು. ಉಪ್ಪು ದಾಟಿ ಬಂದ ಬಿತ್ತದ ಮುಡಿಗೆ ಮಾತ್ರ ಒಂದು ಗಂಟು ಹಾಕುತ್ತಿದ್ದಳು. ಹಮ್ಮು ಜಂತ್ರಡಿಯ ಹಗ್ಗಕ್ಕೆ ಹಾಕುತ್ತಿದ್ದ ಗಂಟು ಅದು, ಎಳೆದಷ್ಟೂ ಬಿಗಿ. ಬೇರೆ ಯಾವ ಮುಡಿಗೂ ಆ ಗಂಟು ಹಾಕಳು. ಹಾಕು ಅಂದವರಿಗೆ, ಒಮ್ಮೆ ಬರೇ ಬಾಯಲ್ಲಿ ಹೇಳಿ ಕೆಟ್ಟಿದ್ದು ಸಾಕು ಅನ್ನುತ್ತಿದ್ದಳು.

ಅಷ್ಟರಲ್ಲಿ ಊರಿಗೆ ಕೆಟ್ಟ ಕಾಲ ಬಂದಿತ್ತು. ಘಟ್ಟದ ಬಿತ್ತ ತರುವುದು, ಉಪ್ಪು ನುಗ್ಗುವುದು, ಒಣಗುವುದು. ಕೊನೆಗೆ ಒಂದು ವರ್ಷ ಘಟ್ಟದ ಮೇಲಿನವರೇ ಬಿತ್ತ ಕೊಡುವುದಿಲ್ಲ ಅಂದರು. ನಿಮ್ಮ ಕಡಲಿಗೆ ಹಾಕಲು ನಾವು ಬೆಳೆಯುವುದಲ್ಲ ಅಂದರಂತೆ. ಬೇಕಿದ್ದರೆ ನೀವೇ ಮೇಲೆ ಬಂದು ನಮ್ಮ ಗದ್ದೆಯಲ್ಲಿ ದುಡಿಯಿರಿ, ಕೊಯ್ಲಿನೊಳಗೆ ಒಂದು ಮಾತು ತಿಳಿಸಿ ಅಂದರು. ಆ ಮಳೆಗಾಲ ಗಜನಿ ಪೂರ್ತಿ ಖಾಲಿ ಬಿದ್ದಿತ್ತು. ಬಿತ್ತಿದ್ದು ಬೀರಿ ಒಬ್ಬಳೇ. ಖಾಲಿ ಇದ್ದ ಅಕ್ಕಪಕ್ಕದ ಗದ್ದೆಗಳಿಗೂ ಅವಳು ಇದ್ದಬದ್ದ ಬಿತ್ತವನ್ನೆಲ್ಲ ಚೆಲ್ಲಿದ್ದಳು.

ಆ ವರ್ಷ ಮಳೆ ಅಂದರೆ ಮಳೆ. ಗಜನಿಯ ಉಪ್ಪೆಲ್ಲ ತೊಳೆದುಹೋಯಿತು. ಬೀರಿಯ ಭತ್ತ ಎದೆಯೆತ್ತರ ಬಂತು. ಹೊಡೆ ತುಂಬಿ ನಿಂತದ್ದನ್ನು ನೋಡಲು ಊರವರು ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ಲೆಕ್ಕ ಹಾಕಿದರೆ ಮುಂದಿನ ವರ್ಷ ಇಡೀ ಗಜನಿಗೆ ಸಾಕಾಗುವ ಬಿತ್ತ ಅಲ್ಲಿತ್ತು. ಊರು ಬಿಡಬೇಕಾಗಿಲ್ಲ ಅಂತ ಹೆಂಗಸರು ಮೊದಲ ಸಲ ನಕ್ಕರು. ರಾಕು ಗೌಡ ಬರುತ್ತೇವೆ ಅಂತ ತಿಳಿಸಲು ಘಟ್ಟಕ್ಕೆ ಹೊರಟಿದ್ದ ಆಳನ್ನು ವಾಪಸು ಕರೆಸಿದ.

ಬೀರಿ ಮಾತ್ರ ನಗಲಿಲ್ಲ. ದಿನಾ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದಳು. ನೀರು ಸಿಹಿ. ಮತ್ತೆ ನೋಡಿದರೂ ಸಿಹಿ. ಅಮಾವಾಸ್ಯೆ ಹತ್ತಿರ ಬಂದಾಗ ಅವಳು ಗೌಡನ ಮನೆಗೆ ಹೋಗಿ, ನಾಳೆ ಹಲಗೆ ಎತ್ತುತ್ತೇನೆ ಅಂತ ಹೇಳಿ ಬಂದಳು.

ಮರುದಿನ ಊರಿಗೆ ಊರೇ ಕಟ್ಟೆಯ ಮೇಲಿತ್ತು. ಗೌಡನ ಮುಖ ಕೆಂಪಾಗಿತ್ತು. ಊರಿನ ಬಾಯಿಗೆ ಬಂದ ತುತ್ತು ಇದು, ಒಂದು ವರ್ಷ ಪರೀಕ್ಷೆ ಬಿಟ್ಟರೆ ಏನು ಗಂಟು ಹೋಗುತ್ತದೆ ಅಂತ ಕೂಗಿದ. ಹೋದ ವರ್ಷ ಉಪ್ಪು ದಾಟಿದ ಭತ್ತದ್ದೇ ಮಕ್ಕಳಲ್ಲವೇ ಇವು ಅಂದ. ಸುಳ್ಳಲ್ಲ, ಅವನ ಮಾತಿನಲ್ಲಿ ನ್ಯಾಯ ಇತ್ತು. ಬೀರಿ ತಲೆ ತಗ್ಗಿಸಿ ಕೇಳಿದಳು. ಇಷ್ಟು ದೊಡ್ಡ ಗದ್ದೆಯಲ್ಲಿ ತಾನು ಕೀಳದೆ ಬಿಟ್ಟ ಬೆರಕೆ ಎಷ್ಟಿದೆಯೋ ತನಗೆ ಗೊತ್ತಿಲ್ಲ, ಸಿಹಿನೀರಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ, ಬೆರಕೆಯದೇ ಹೆಚ್ಚು ಚಂದ ಕಾಣುತ್ತದೆ ಅಂತ ಮೆಲ್ಲಗೆ ಹೇಳಿದಳು. ಹೇಳಿ ಜಂತ್ರಡಿಯ ಕಡೆ ನಡೆದಳು.

ಅಲ್ಲಿ ಸೋಮಿ ನಿಂತಿದ್ದಳು, ಕೂಸನ್ನು ಎತ್ತಿಕೊಂಡು, ಹಲಗೆಗೆ ಬೆನ್ನು ಕೊಟ್ಟು.

"ಅವ್ವೀ, ಇದೊಂದು ವರ್ಸ ಬಿಡೆ," ಅಂದಳು. "ಈ ಕೂಸಿನ ಮೇಲೆ ಆಣೆ. ಜನ ಎಂತ ತಿನ್ನೂಕೆ? ಎಲ್ಲಿ ಹೋಗೂಕೆ?"

"ಸರಿ ಆಚೆ, ಸೋಮಿ."

"ಆಗೊಮ್ಮೆ ನೀ ಕೊಟ್ಟ ಬಿತ್ತ ಸತ್ತೋಯ್ತು. ಯಾರಾರೂ ಒಂದು ಮಾತು ಆಡಿದ್ರಾ ನಿಂಗೆ?"

"ಆಡ್ಲಿಲ್ಲ," ಅಂದಳು ಬೀರಿ. "ಅದ್ಕೇಯ ಈಗ ಎತ್ತೂದು. ಇನ್ನೊಂದ್ಸಲ ಅವ್ರು ಬೈಯದೆ ನುಂಗ್ಕಳೂದು ನೋಡೂಕೆ ನನ್ನತ್ರ ಆಗೂದಿಲ್ಲ."

ಸೋಮಿ ಸರಿಯಲಿಲ್ಲ. ಬೀರಿ ಅವಳನ್ನು ತಳ್ಳಲೂ ಇಲ್ಲ. ಅಲ್ಲೇ ಕೆಸರಿನ ಮೇಲೆ ಕೂತಳು. ಉಬ್ಬರ ಹಲಗೆಯ ತುದಿಗೆ ಬರುವ ತನಕ ಕೂತೇ ಇದ್ದಳಂತೆ. ಕೂಸು ಅಳಲು ಶುರು ಮಾಡಿತು, ಸೋಮಿ ಸಮಾಧಾನ ಮಾಡಲು ಎರಡು ಹೆಜ್ಜೆ ಆಚೆ ಹೋದಳು. ಬೇಕೆಂದೇ ಹೋದಳು ಅನ್ನುವವರು ಇದ್ದಾರೆ. ಇರಬಹುದು, ಅವಳೂ ಬೀರಿಯ ಮಗಳೇ ತಾನೆ. ಬೀರಿ ಎದ್ದು ಹಲಗೆಗೆ ಕೈ ಹಾಕಿದಳು. ನೀರು ಒಳಗೆ ಬಂತು.

ಉಬ್ಬರ ಇಳಿಯುವ ಮೊದಲು ಹಲಗೆ ಮುಚ್ಚಿ, ಉಪ್ಪುನೀರನ್ನು ಕೆಲವು ದಿನ ಗದ್ದೆಯಲ್ಲೇ ಹಿಡಿದಿಟ್ಟಳು. ಆಮೇಲೆ ಬಿಟ್ಟಳು. ನೀರು ಇಳಿದ ಹಾಗೆ ಗದ್ದೆ ಬಣ್ಣ ಬದಲಾಯಿಸಿತು. ಮೊದಲು ಎಲೆಯ ತುದಿ, ಆಮೇಲೆ ಇಡೀ ದಂಟು. ಅತಿ ಎತ್ತರ ಬೆಳೆದದ್ದು, ಜನ ಕೂತು ಕಣ್ತುಂಬ ನೋಡಿದ್ದು, ಅದೇ ಮೊದಲು ಒಣಗಿತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಆ ವಾರವೇ ಊರಿನ ಅರ್ಧ ಮನೆಗಳು ಗಂಟುಮೂಟೆ ಕಟ್ಟಿ ಘಟ್ಟ ಹತ್ತಿದವು. ಹೋಗುವವರಲ್ಲಿ ಕೆಲವರು ಬೀರಿಯ ಮನೆಯ ಮುಂದೆ ನಿಂತು ಬೈದರು. ಈ ಸಲ ಬೈದರು, ನೋಡಿ. ಬೀರಿ ಬಾಗಿಲಿಗೆ ಬಂದು ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಕೊಯ್ಲಿಗೆ ಅವಳು ಕತ್ತಿ ಹಿಡಿಯಲಿಲ್ಲ. ನಿಂತ ತೆನೆಗಳನ್ನು ಒಂದೊಂದಾಗಿ ಮುರಿದಳು. ಸೋಮಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಜೊತೆಗೆ ಇಳಿದಳು, ಅವ್ವನ ಹತ್ತಿರ ಮಾತಾಡದೆ. ಉಜ್ಜಿ, ಒಣಗಿಸಿ, ಮುಡಿ ಕಟ್ಟಿ, ಪ್ರತಿ ಮುಡಿಗೂ ಆ ಗಂಟು ಹಾಕಿದರು. ಗಜನಿಯ ತಗ್ಗಿನ ಅರ್ಧಕ್ಕೆ ಸಾಕಾಗುವಷ್ಟು ಆಯಿತು.

ರಾಕು ಗೌಡ ಬಂದ. ಅವನ ತಮ್ಮನ ಮನೆಯವರೂ ಘಟ್ಟ ಹತ್ತಿದ್ದರು. ಉಳಿದವರು ಇರಬೇಕೋ ಹೋಗಬೇಕೋ ಅಂತ ಅವನ ಬಾಯಿ ನೋಡುತ್ತಿದ್ದರು. ಅವನು ಮುಡಿಗಳನ್ನು ನೋಡಿದ, ಗಂಟು ಎಳೆದು ನೋಡಿದ.

"ಖರೇ ಹೇಳು, ಬೀರಿ. ಇದು ನಿಲ್ತದ್ಯ?"

"ನಿಲ್ತದೆ ಅಂತ ಹೇಳಿ ಒಮ್ಮೆ ನಿಮ್ನೆಲ್ಲ ಮುಳುಗಿಸಿದೆ, ಗೌಡ್ರೆ," ಅಂದಳು ಬೀರಿ. "ಈಗ ನಾ ಹೇಳೂದು ಎಂತದೂ ಇಲ್ಲ. ಇದು ಆಗ್ಲೇ ನಿಂತು ಬಂದದ್ದು. ನೀವೇ ಕಟ್ಟೆ ಮೇಲೆ ಕೂತು ನೋಡಿದ್ರಲ."

ಗೌಡ ಒಂದು ಮುಡಿ ಹೆಗಲಿಗೆ ಏರಿಸಿಕೊಂಡು ನಡೆದ. ಅದನ್ನು ನೋಡಿ ಉಳಿದವರೂ ಬಂದು ಒಂದೊಂದು ಮುಡಿ ಹೊತ್ತರು.

ಮಳೆ ಬಂತು, ಬಿತ್ತಿದರು. ಕಡಲು ಸುಮ್ಮನಿರುತ್ತದೆಯೇ? ಹೊಡೆ ತುಂಬಿದ ಹೊತ್ತು ನೋಡಿಕೊಂಡೇ ಬಂತು. ಅಂಥ ಉಬ್ಬರವನ್ನು ಆಮೇಲೆ ಯಾರೂ ಕಂಡಿಲ್ಲ ಅಂತಾರೆ. ಕಟ್ಟೆ ಒಂದು ಕಡೆಯಲ್ಲ, ಎರಡು ಕಡೆ ಒಡೆಯಿತು. ಜನ ಕಡಿಮೆ, ಕಟ್ಟುವ ಕೈ ಕಡಿಮೆ. ಗಜನಿಯಲ್ಲಿ ದಿನಗಟ್ಟಲೆ ಉಪ್ಪುನೀರು ನಿಂತಿತು, ಮೀನು ದಂಟಿನ ನಡುವೆ ಓಡಾಡಿತು. ಕಟ್ಟೆ ಮುಚ್ಚಿ ಎಲ್ಲರೂ ಮನೆಗೆ ಹೋಗಿ ಮಲಗಿದರು, ಗದ್ದೆಯ ಕಡೆ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಬೀರಿಗೂ ಇರಲಿಲ್ಲವಂತೆ. ಇಷ್ಟೆಲ್ಲ ಹಟ ಮಾಡಿದವಳು ಆವತ್ತು ಮುಸುಕು ಹಾಕಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಗದ್ದೆಗೆ ಹೋಗಿ ನೋಡಿದ್ದು ಸೋಮಿ. ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದವಳು ಅವ್ವನ ಮುಸುಕು ಎಳೆದು, ಅವಳ ಕೈಯಲ್ಲಿ ಒಂದು ಹಸಿ ತೆನೆ ಇಟ್ಟಳು. ಉದ್ದ ಮೀಸೆಯದು, ಹಾಲು ತುಂಬಿದ ಕಾಳು.

ತೆನೆ ಬಲಿಯುವ ಹೊತ್ತಿಗೆ ಸುದ್ದಿ ಘಟ್ಟ ಹತ್ತಿತ್ತು. ಹೋದವರು ಇಳಿದು ಬಂದರು, ಮಕ್ಕಳನ್ನು ಹೊತ್ತುಕೊಂಡು, ಮುದುಕರನ್ನು ಕೈಹಿಡಿದುಕೊಂಡು. ಬೀರಿಯನ್ನು ಬೈದವರೇ ಮೊದಲು ಬಂದವರು ಅಂತಾರೆ. ಕೊಯ್ಲಿಗೆ ಕೈ ಬೇಕಿತ್ತು, ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಆ ವರ್ಷದ ಅನ್ನ ಕೆಂಪಗಿತ್ತು, ಒರಟಾಗಿತ್ತು. ನೆಂಟರಿಗೆ ಅದನ್ನೇ ಬಡಿಸಿದರು, ಜಂಬದಿಂದಲೇ ಬಡಿಸಿದರು.

ಅಲ್ಲಿಂದ ಮುಂದೆ ಹೊಳೆಯ ಉದ್ದಕ್ಕೂ ಇದ್ದ ಗಜನಿಯ ಊರುಗಳಿಂದ ದೋಣಿಗಳು ಬರತೊಡಗಿದವು. ಎಲ್ಲರಿಗೂ ಗಂಟಿನ ಮುಡಿ ಬೇಕು. ಗಂಟಿಲ್ಲದ ಮುಡಿಯನ್ನು ಗಂಜಿಗೆ ಒಯ್ಯುತ್ತಿದ್ದರು, ಬಿತ್ತಕ್ಕಲ್ಲ. ಬೀರಿಯ ಭತ್ತ ಅನ್ನುತ್ತಿದ್ದದ್ದು ಬಾಯಲ್ಲಿ ಸವೆದು ಬೀರಿಭತ್ತ ಆಯಿತು. ಅವಳು ವರ್ಷ ವರ್ಷವೂ ಬಿತ್ತದ ಗದ್ದೆಗೆ ಹಲಗೆ ಎತ್ತಿದಳು. ಬೆಳೆ ಚೆನ್ನಾಗಿದ್ದರೂ ಎತ್ತಿದಳು, ಕೆಟ್ಟದಾಗಿದ್ದರೂ ಎತ್ತಿದಳು. ಪ್ರತಿ ವರ್ಷ ಒಂದಿಷ್ಟು ಸಾಯುತ್ತಿತ್ತು. ಪ್ರತಿ ವರ್ಷವೂ ಅವಳಿಗೆ ಮೊದಲ ಸಲದಷ್ಟೇ ನೋವಾಗುತ್ತಿತ್ತು. ಅಭ್ಯಾಸ ಆಯಿತು ಅಂತ ಅವಳು ಒಮ್ಮೆಯೂ ಹೇಳಲಿಲ್ಲ.

ವಯಸ್ಸಾಗಿ ಅವಳು ಹಾಸಿಗೆ ಹಿಡಿದಾಗ ಊರವರು ಬಂದು ಸುತ್ತ ಕೂತರು. ಕೇಳುವುದೋ ಬೇಡವೋ ಅಂತ ಮುಖ ಮುಖ ನೋಡಿಕೊಂಡರು. ಕೊನೆಗೆ ಹಲ್ಲುದುರಿ ಮುದುಕನಾಗಿದ್ದ ರಾಕು ಗೌಡನೇ ಕೇಳಿದ, ನೀನು ಹೋದ ಮೇಲೆ ಗಂಟು ಹಾಕುವವರು ಯಾರು ಅಂತ. ಗಂಟು ಹಾಕಲು ಮಗುವಿಗೂ ಬರುತ್ತದೆ ಅಂದಳಂತೆ ಬೀರಿ.

"ತನ್ನ ಗದ್ದೆಗೆ ತಾನೇ ಉಪ್ಪು ಬಿಡೂಕೆ ಯಾರ ಕೈ ಏಳ್ತದ್ಯೋ, ಗಂಟು ಅವ್ರದು. ಬೇರೆಯವ್ರ ಗದ್ದೆಗೆ ಬಿಡೂಕೆ ಎಲ್ಲರ ಕೈಯೂ ಏಳ್ತದೆ."

ಇಷ್ಟೇ ಅವಳು ಹೇಳಿದ್ದು. ಆ ಮಳೆಗಾಲಕ್ಕೆ ಅವಳಿರಲಿಲ್ಲ.

ಬಿತ್ತದ ಗದ್ದೆ ಸೋಮಿಯ ಪಾಲಿಗೆ ಬಂದಿತ್ತು. ಅಮಾವಾಸ್ಯೆಯ ದಿನ ಊರವರು ಕಟ್ಟೆಯ ಮೇಲೆ ಸೇರಿದರು. ಸೋಮಿ ಹಲಗೆಗೆ ಕೈ ಹಾಕಿದಳು, ಬಿಟ್ಟಳು. ಮತ್ತೆ ಹಾಕಿದಳು. ಒಂದು ಕಾಲಕ್ಕೆ ಇದೇ ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದವಳು, ಅವ್ವ ಪ್ರತಿ ವರ್ಷ ಎತ್ತಿದ್ದು ಏನು ಭಾರ ಅಂತ ಆವತ್ತು ತಿಳಿದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದನ್ನು ಮೊದಲು ಕಂಡವಳು ಒಬ್ಬ ಮುದುಕಿ. ಅವಳು ಸೋಮಿಗೆ ಬೆನ್ನು ಹಾಕಿ ಹೊಳೆಯ ಕಡೆ ತಿರುಗಿ ನಿಂತಳು. ಅವಳನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಉಳಿದವರು, ಇಡೀ ಊರು ಹೊಳೆಯ ಕಡೆ ತಿರುಗಿ ನಿಂತಿತು. ಅಳುವವಳು ಅಳಲಿ ಅಂತ. ಹಿಂದಿನಿಂದ ಹಲಗೆ ಎದ್ದ ಸದ್ದು ಕೇಳಿತು, ಆಮೇಲೆ ನೀರಿನದು.

ಈಗಲೂ ಹಾಗೆಯೇ. ಆ ಹೊಳೆಯ ಬದಿಗೆ ಹೋಗಿ ನೋಡಿ, ಭಾದ್ರಪದದ ಅಮಾವಾಸ್ಯೆಗೆ ಬಿತ್ತದ ಗದ್ದೆ ಇದ್ದವರು ತಮ್ಮ ಹಲಗೆಯನ್ನು ತಾವೇ ಎತ್ತುತ್ತಾರೆ. ಊರವರು ಬರಬೇಕು, ಬಂದು ಬೆನ್ನು ಹಾಕಿ ನಿಲ್ಲಬೇಕು. ಯಾರೂ ತಿರುಗಿ ನೋಡುವುದಿಲ್ಲ, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರಿಗೂ ಮೊದಲೇ ಹೇಳಿರುತ್ತಾರೆ. ನೀರು ತುಂಬಿದ ಮೇಲೆ ಎಲ್ಲರೂ ಆ ಮನೆಯ ಜಗಲಿಗೆ ಹೋಗಿ ಸಾಲಾಗಿ ಕೂರುತ್ತಾರೆ. ಹಲಗೆ ಎತ್ತಿದವರಿಗೇ ಮೊದಲು ಬಡಿಸುತ್ತಾರೆ, ಬೀರಿಭತ್ತದ ಕೆಂಪು ಗಂಜಿ. ಆ ಒಂದು ದಿನ ಗಂಜಿಗೆ ಉಪ್ಪು ಹಾಕುವುದಿಲ್ಲ. ಗೊತ್ತಿಲ್ಲದ ನೆಂಟರು ಉಪ್ಪು ಕೇಳಿದರೆ, ಇವತ್ತಿನ ಉಪ್ಪು ಗದ್ದೆಗೆ ಹೋಯಿತು, ಬೀರಜ್ಜಿ ಒಯ್ದಳು ಅಂತ ಹೇಳಿ, ಸಪ್ಪೆ ಗಂಜಿಯನ್ನೇ ಇನ್ನೊಂದು ಸೌಟು ಬಡಿಸುತ್ತಾರೆ.